ಟೋಪಿಯ ಪಿನ್ನು, ಬಾಣಂತನದ ಗಂಟು

1988ರ ಆಟಿ ತಿಂಗಳು. ಅಕ್ಕನ ದಿನ ಹತ್ತಿರವಾಯಿತೆಂದು ಅಪ್ಪ ಬಾಡಿಗೆಯ ಅಂಬಾಸಿಡರ್ ಒಂದನ್ನು ಹಿಂದಿನ ಸಂಜೆಯೇ ಹೇಳಿ ತರಿಸಿ ಅಂಗಳದಲ್ಲಿ ನಿಲ್ಲಿಸಿದ್ದರು. ನಸುಕಿಗೆ ನೋವು ಶುರುವಾಯಿತು. ಸಿದ್ಧಕಟ್ಟೆಯಿಂದ ಮೂಡುಬಿದಿರೆಗೆ ಹೋಗಬೇಕು. ರಾತ್ರಿಯಿಡೀ ಮಳೆ ಬಿಟ್ಟಿರಲಿಲ್ಲ. ಅಕ್ಕನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದ್ದಾಯಿತು. ಎಂಜಿನ್ ಗರಗರ ತಿರುಗುತ್ತದೆ, ಹೊತ್ತಿಕೊಳ್ಳುವುದೇ ಇಲ್ಲ!

ಅಮ್ಮ ಹರಕೆ ಹೇಳಿಕೊಂಡಳು. ಡ್ರೈವರ್ ಗಡಿಬಿಡಿ ಮಾಡಲಿಲ್ಲ. "ಜೋರಾಗಿ ತಿರುಗುತ್ತದಲ್ಲ, ಹಾಗಾದರೆ ಬ್ಯಾಟರಿ, ಸ್ಟಾರ್ಟರ್ ಸರಿ ಉಂಟು" ಎಂದು ಬಾನೆಟ್ ಎತ್ತಿದರು. ಪೆಟ್ರೋಲ್ ಕಾರಿಗೆ ಆಮೇಲೆ ಬೇಕಾದದ್ದು ಪೆಟ್ರೋಲ್ ಬೆರೆತ ಗಾಳಿ, ತಕ್ಕ ಗಳಿಗೆಗೆ ಒಂದು ಕಿಡಿ. ಒಲೆ ಹಚ್ಚುವ ನಮಗೆ ಇದನ್ನು ಬಿಡಿಸಿ ಹೇಳಬೇಕೆ? ಕಾರ್ಬುರೇಟರ್ ಹತ್ತಿರ ಪೆಟ್ರೋಲ್ ವಾಸನೆ ಇತ್ತು. ಪ್ಲಗ್ ಒಂದನ್ನು ಬಿಚ್ಚಿ, ವಯರಿಗೆ ಸಿಕ್ಕಿಸಿ, ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿಟ್ಟು ನನ್ನಿಂದ ಕೀಲಿ ತಿರುಗಿಸಿದರು. ಕಿಡಿ ಇಲ್ಲ. ನಾಲ್ಕು ಸಿಲಿಂಡರುಗಳಿಗೂ ಸರದಿಯಂತೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ ಒಳಗೆಲ್ಲ ತೇವ. ವಿದ್ಯುತ್ತು ಪ್ಲಗ್ಗಿಗೆ ಹೋಗದೆ ಆ ತೇವದ ದಾರಿ ಹಿಡಿದು ಸೋರಿಹೋಗುತ್ತಿತ್ತು.

"ಒಣಬಟ್ಟೆ ಉಂಟಾ?"

ಆಟಿಯಲ್ಲಿ ಒಣಬಟ್ಟೆ! ಅಮ್ಮ ಬಾಣಂತನದ ಗಂಟು ಬಿಚ್ಚಿದಳು. ಮಗುವಿಗೆಂದು ಹಳೆಯ ಸೀರೆ ಹರಿದು, ಒಲೆಯ ಮೇಲೆ ಒಣಗಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ತುಂಡುಗಳು. ಹೊಗೆಯ ವಾಸನೆಯ ಒಂದು ತುಂಡಿನಿಂದ ಮುಚ್ಚಳ, ವಯರುಗಳನ್ನೆಲ್ಲ ಒರೆಸಿದರು. ಮೂರನೆಯ ಸಲಕ್ಕೆ ಎಂಜಿನ್ ಎದ್ದಿತು.

ಎಷ್ಟೋ ವರ್ಷಗಳ ನಂತರ ಬರ್ತಾ ಬೆಂಜ್ ಅವರ ಕಥೆ ಓದಿದಾಗ ಆ ಗಂಟು ಕಣ್ಣಮುಂದೆ ಬಂತು. ನಮ್ಮ ಅಂಗಳದ ಫಜೀತಿಗೆ ಸರಿಯಾಗಿ ನೂರು ವರ್ಷ ಮೊದಲು, 1888ರ ಆಗಸ್ಟಿನಲ್ಲಿ, ಜರ್ಮನಿಯ ಈ ತಾಯಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಗಂಡ ಮಾಡಿದ ಮೂರು ಚಕ್ರದ ಮೋಟಾರಿನಲ್ಲಿ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ಹೊರಟರು. ನೂರು ಕಿಲೋಮೀಟರಿನಷ್ಟು ದಾರಿ. ಆಗ ಸೆಲ್ಫ್ ಸ್ಟಾರ್ಟರ್ ಎಲ್ಲಿ? ಅದು ಕ್ಯಾಡಿಲಾಕ್ ಕಾರಿಗೆ ಬಂದದ್ದು 1912ರಲ್ಲಿ. ಬೆಂಜ್ ಗಾಡಿಯ ಭಾರದ ಗಾಲಿಯನ್ನು ಕೈಯಿಂದಲೇ ತಿರುಗಿಸಿ ಎಬ್ಬಿಸಬೇಕಿತ್ತು. ದಾರಿಯಲ್ಲಿ ಇಂಧನದ ನಳಿಗೆ ಕಟ್ಟಿಕೊಂಡಿತು. ಟೋಪಿಯ ಪಿನ್ನಿನಿಂದ ಬಿಡಿಸಿದರು. ಕಿಡಿಯ ತಂತಿಯ ಹೊದಿಕೆ ಸವೆಯಿತು; ಕಾಲ್ಚೀಲದ ಪಟ್ಟಿ ಸುತ್ತಿದರು. ಇಂಧನ ಮುಗಿದಾಗ ವೀಸ್‌ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಕೊಂಡರು. ಗಂಡನ ಉದ್ಯಮಕ್ಕೆ ಹಣ ಕೊಟ್ಟವರೂ ಅವರೇ. 1886ರ ಪೇಟೆಂಟಿನಲ್ಲಿ ಹೆಸರು ಮಾತ್ರ ಗಂಡನದು.

ತರಗತಿಯಲ್ಲಿ ಇದನ್ನು ಹೇಳಿದರೆ ಹುಡುಗಿಯರ ಮೊದಲ ಪ್ರಶ್ನೆ: "ಗಂಡನಿಗೆ ಹೇಳದೆ ಹೋದರಾ ಟೀಚರ್?" ಹೌದು, ಹೇಳದೆಯೇ ಹೋದರು.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ ಬಂದ ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿತು. ಅಕ್ಕನ ಮಗನ ಈಗಿನ ಕಾರಿನಲ್ಲಿ ಡಿಸ್ಟ್ರಿಬ್ಯೂಟರೇ ಇಲ್ಲ. ಅವನು ಹುಟ್ಟಿದ್ದು ಅಂದು ಬೆಳಿಗ್ಗೆ, ಮೂಡುಬಿದಿರೆ ತಲುಪಿದ ಅರ್ಧ ಗಂಟೆಯಲ್ಲಿ. ಮರಳುವಾಗ ಡ್ರೈವರ್ ಕಪ್ಪಾದ ಬಟ್ಟೆಯನ್ನು ಸಂಕೋಚದಿಂದ ಹಿಂದಿರುಗಿಸಲು ಬಂದರು.

"ಕಾರಿನಲ್ಲೇ ಇರಲಿ," ಅಂದಳು ಅಮ್ಮ. "ಮಳೆಗಾಲ ಇನ್ನೂ ಮುಗಿಯಲಿಲ್ಲ."