ವಿಲ್ಲವುಡ್‌ನ ಹುಡುಗರು, ಶಿಶುನಾಳದ ಅಜ್ಜ



ಕಾರಿನಲ್ಲಿ ಯಾರ ಫೋನಿನ ಹಾಡು ಹಾಕಬೇಕು ಅನ್ನುವ ಜಗಳ ನಿಮ್ಮ ಮನೆಯಲ್ಲೂ ಇದ್ದೇ ಇರುತ್ತದೆ. ಎಂಬತ್ತರ ದಶಕದಲ್ಲಿ ಕ್ಯಾಸೆಟ್ ತಿರುಗಿಸಿ ತಿರುಗಿಸಿ ಕೇಳಿದ ಎಸಿ/ಡಿಸಿಯೇ ನಿಜವಾದ ರಾಕ್, ಈಗಿನದೆಲ್ಲ ಬರೀ ಕಂಪ್ಯೂಟರ್ ಅಂತಾರೆ ಅಪ್ಪ. ನಿಮಗೆ ಕಿಂಗ್ ಗಿಝರ್ಡ್ ಬೇಕು. ಅಮ್ಮನಿಗೆ ಎರಡೂ ಗದ್ದಲ, ಸುಮ್ಮನೆ ಸಿ. ಅಶ್ವಥ್ ಹಾಕ್ರೋ ಅಂತಾರೆ. ತೀರ್ಪು ಕೊಡುವ ಮೊದಲು ಈ ಹಳೆಯ ರಾಕ್ ಹುಟ್ಟಿದ ಜಾಗಕ್ಕೆ ಒಮ್ಮೆ ಹೋಗಿಬರೋಣ ಬನ್ನಿ. ದೂರವೇನಿಲ್ಲ, ಪ್ಯಾರಮಟ್ಟಾದಿಂದ ಕಾರಿನಲ್ಲಿ ಸ್ವಲ್ಪ ಹೊತ್ತಿನ ದಾರಿ.

ಸಿಡ್ನಿಯ ವಿಲ್ಲವುಡ್ ಅಂದರೆ ನಿಮಗೆ ಇವತ್ತು ನೆನಪಾಗುವುದು ವಲಸಿಗರನ್ನು ಕೂಡಿಹಾಕುವ ಡಿಟೆನ್ಷನ್ ಸೆಂಟರ್. ಅರವತ್ತರ ದಶಕದಲ್ಲಿ ಅಲ್ಲಿದ್ದದ್ದು ಹಡಗಿಳಿದು ಬಂದ ಕುಟುಂಬಗಳಿಗೆ ಸರ್ಕಾರ ಕೊಡುತ್ತಿದ್ದ ಹಾಸ್ಟೆಲ್. ಕಮಾನಿನಾಕಾರದ ತಗಡಿನ ಶೆಡ್ಡುಗಳು, ಎಲ್ಲರಿಗೂ ಒಂದೇ ಊಟದ ಮನೆ. 1964ರಲ್ಲಿ ಅಲ್ಲಿ ಪರಿಚಯವಾದ ಹುಡುಗರು ಸೇರಿ ದಿ ಈಸಿಬೀಟ್ಸ್ ಎಂಬ ಬ್ಯಾಂಡ್ ಕಟ್ಟಿದರು. ಜಾರ್ಜ್ ಯಂಗ್ ಸ್ಕಾಟ್ಲೆಂಡಿನವನು. ಹ್ಯಾರಿ ವಾಂಡಾ ಮತ್ತು ಡಿಕ್ ಡೈಮಂಡ್ ಹಾಲೆಂಡಿನವರು, ಮನೆಮಾತು ಡಚ್. ಇನ್ನಿಬ್ಬರು ಇಂಗ್ಲೆಂಡಿನವರು. ಐವರಲ್ಲಿ ಒಬ್ಬನೂ ಆಸ್ಟ್ರೇಲಿಯಾದಲ್ಲಿ ಹುಟ್ಟಿದವನಲ್ಲ! ಎರಡೇ ವರ್ಷದಲ್ಲಿ, 1966ರಲ್ಲಿ, ಅವರ 'ಫ್ರೈಡೇ ಆನ್ ಮೈ ಮೈಂಡ್' ಇಂಗ್ಲೆಂಡಿನ ಮೊದಲ ಹತ್ತು ಹಾಡುಗಳ ಪಟ್ಟಿ ಸೇರಿತು.

ಜಾರ್ಜನಿಗೆ ಇಬ್ಬರು ತಮ್ಮಂದಿರು, ಮಾಲ್ಕಮ್ ಮತ್ತು ಆಂಗಸ್. 1963ರಲ್ಲಿ ಗ್ಲಾಸ್ಗೋ ಬಿಟ್ಟು ಬಂದಾಗ ಆಂಗಸ್‌ಗೆ ಎಂಟು ವರ್ಷ. ಹತ್ತು ವರ್ಷದ ನಂತರ, 1973ರಲ್ಲಿ, ಆ ತಮ್ಮಂದಿರು ಶುರು ಮಾಡಿದ್ದೇ ಎಸಿ/ಡಿಸಿ. ಅವರ ಮೊದಲ ಆಲ್ಬಮ್‌ಗಳನ್ನು ಮಾಡಿಕೊಟ್ಟವರು ಅಣ್ಣ ಜಾರ್ಜ್ ಮತ್ತು ಹ್ಯಾರಿ ವಾಂಡಾ. ಅಪ್ಪನ 'ಕ್ಲಾಸಿಕ್' ಅನ್ನುವುದು ಹೀಗೆ ನಿಮ್ಮ ಹಾಗೆಯೇ ಮನೆಯಲ್ಲೊಂದು ರೀತಿ, ಸ್ಕೂಲಿನಲ್ಲೊಂದು ರೀತಿ ಮಾತಾಡಿ ಬೆಳೆದ ಮಕ್ಕಳ ಕೆಲಸ.

ಈಗ ಮೆಲ್ಬರ್ನ್‌ಗೆ ಬನ್ನಿ. 1976ರ ಫೆಬ್ರವರಿ 23. ಸ್ವಾನ್‌ಸ್ಟನ್ ಸ್ಟ್ರೀಟಿನಲ್ಲಿ ಒಂದು ತೆರೆದ ಲಾರಿ ನಿಧಾನವಾಗಿ ಹೋಗುತ್ತಿದೆ, ಅದರ ಮೇಲೆ ಎಸಿ/ಡಿಸಿ. 'ಇಟ್ಸ್ ಎ ಲಾಂಗ್ ವೇ ಟು ದಿ ಟಾಪ್' ಹಾಡಿನ ಚಿತ್ರೀಕರಣ. ಗಾಯಕ ಬಾನ್ ಸ್ಕಾಟ್ ಕೈಯಲ್ಲಿ ಬ್ಯಾಗ್‌ಪೈಪ್. ಅವನೂ ಸ್ಕಾಟ್ಲೆಂಡಿನಿಂದ ಬಂದವನೇ. ಹುಡುಗನಾಗಿದ್ದಾಗ ಫ್ರೀಮ್ಯಾಂಟಲ್‌ನ ಸ್ಕಾಟಿಷ್ ಪೈಪ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದವನು. ಅಜ್ಜ-ಮುತ್ತಜ್ಜಂದಿರ ವಾದ್ಯವನ್ನು ಎಲೆಕ್ಟ್ರಿಕ್ ಗಿಟಾರಿನ ಪಕ್ಕ ತಂದು ನಿಲ್ಲಿಸಿದ. ನಮ್ಮವರು ಓಲಗ ಊದಿಸಿದ ಹಾಗೆ ಅಂದುಕೊಳ್ಳಿ. ಮೆಲ್ಬರ್ನ್ ನಗರ 2004ರಲ್ಲಿ ಒಂದು ಓಣಿಗೆ ಆ ಬ್ಯಾಂಡಿನ ಹೆಸರನ್ನೇ ಇಟ್ಟಿತು.

ಒಂದು ಮಾತು ಇಲ್ಲಿ ಹೇಳಲೇಬೇಕು. ವಿಲ್ಲವುಡ್‌ನ ಆ ಶೆಡ್ಡುಗಳಲ್ಲಿ ಧಾರವಾಡದ ಅಥವಾ ಮಂಡ್ಯದ ಹುಡುಗ ಯಾಕಿರಲಿಲ್ಲ? ಬಿಳಿಯರ ಆಸ್ಟ್ರೇಲಿಯಾ ನೀತಿ. 1966ರಲ್ಲಿ ಸ್ವಲ್ಪ ಸಡಿಲವಾಗಿ, 1973ರಲ್ಲಿ ವಿಟ್ಲಮ್ ಸರ್ಕಾರದ ಕಾಲಕ್ಕೆ ಅದು ಪೂರ್ತಿ ಹೋಯಿತು. ಅಂದರೆ ಎಸಿ/ಡಿಸಿ ಹುಟ್ಟಿದ ವರ್ಷವೇ. ಕ್ಲಾಸಿಕ್ ರಾಕ್ ಪೋಸ್ಟರುಗಳಲ್ಲಿ ನಮ್ಮ ಬಣ್ಣದ ಮುಖ ಕಾಣದಿದ್ದರೆ, ಆಗ ಬಾಗಿಲು ಹಾಕಿತ್ತು ಅನ್ನುವುದು ನೆನಪಿರಲಿ. ಈ ನೆಲದ ಮೂಲನಿವಾಸಿಗಳಂತೂ ಬಾಗಿಲ ಒಳಗಿದ್ದೂ ಹೊರಗಿನವರಾಗಿದ್ದರು. 1991ರಲ್ಲಿ ಯೋತು ಯಿಂಡಿ ಬ್ಯಾಂಡ್ 'ಟ್ರೀಟಿ' ಹಾಡಿನಲ್ಲಿ ಇಂಗ್ಲಿಷಿನ ಜೊತೆ ತಮ್ಮ ಯೋಲ್ಙು ನುಡಿಯನ್ನೂ ಸೇರಿಸಿ ದೇಶವನ್ನೇ ಕುಣಿಸಿತು. ಕೆಲವೇ ಸಾವಿರ ಜನ ಆಡುವ ನುಡಿ ಅದು. ನಮ್ಮದು ಕೋಟಿಗಳ ಲೆಕ್ಕ.

ಇನ್ನು ನಿಮ್ಮ ಕಿಂಗ್ ಗಿಝರ್ಡ್. 2010ರಲ್ಲಿ ಮೆಲ್ಬರ್ನ್‌ನಲ್ಲಿ ಶುರುವಾದ ಬ್ಯಾಂಡ್, 2017ರ ಒಂದೇ ವರ್ಷದಲ್ಲಿ ಐದು ಆಲ್ಬಮ್ ತಂದವರು. ಅವುಗಳಲ್ಲಿ 'ಫ್ಲೈಯಿಂಗ್ ಮೈಕ್ರೋಟೋನಲ್ ಬನಾನಾ' ಕೇಳಿ. ಟರ್ಕಿಯ ಬಾಗ್ಲಾಮಾ ವಾದ್ಯದ ಗುಂಗಿನಲ್ಲಿ, ಗಿಟಾರಿಗೆ ಹೆಚ್ಚಿನ ಮೆಟ್ಟಿಲು ಕೂಡಿಸಿ, ಪಿಯಾನೋದ ಎರಡು ಮನೆಗಳ ನಡುವಿನ ಸ್ವರ ಹಿಡಿಯಲು ಹೊರಟಿದ್ದಾರೆ. ಬಲವಂತದ ಸಂಗೀತದ ಕ್ಲಾಸಿನಲ್ಲಿ ಗಮಕ ಕಲಿತ ನಿಮ್ಮ ಕಿವಿಗೆ ಆ ಸಂದಿಗಳು ಅಷ್ಟೇನೂ ಹೊಸದಲ್ಲ. ಗಮಕವೇ ಬೇರೆ, ಇದೇ ಬೇರೆ, ಆ ಚರ್ಚೆ ಇನ್ನೊಂದು ದಿನಕ್ಕಿರಲಿ.

ಅಮ್ಮನ ಅಶ್ವಥ್ ಉಳಿದರು. ಶಿಶುನಾಳ ಶರೀಫರು (1819–1889) ಈಗಿನ ಹಾವೇರಿ ಜಿಲ್ಲೆಯ ಒಂದು ಹಳ್ಳಿಯವರು. ಅವರ ಗುರು ಗೋವಿಂದಭಟ್ಟರು. ಮುಸ್ಲಿಂ ಶಿಷ್ಯ, ಬ್ರಾಹ್ಮಣ ಗುರು. ಆ ಕಾಲಕ್ಕೆ ಇದಕ್ಕಿಂತ ದೊಡ್ಡ ರಾಕ್ ಏನಿದೆ? ಅವರ ಪದಗಳು ಏಕತಾರಿ, ಭಜನೆಗಳ ಜೊತೆ ಬಾಯಿಂದ ಬಾಯಿಗೆ ಬಂದವು. ಅಶ್ವಥ್ ಅವನ್ನು ಕ್ಯಾಸೆಟ್ಟಿಗೆ, ವೇದಿಕೆಗೆ, 1990ರ 'ಸಂತ ಶಿಶುನಾಳ ಶರೀಫ' ಸಿನಿಮಾಕ್ಕೆ ತಂದರು. ಅಮ್ಮನಿಗೆ ಹಳೆಯದು ಅನ್ನಿಸುವ ಆ ಧಾಟಿ ಶರೀಫಜ್ಜನ ಲೆಕ್ಕದಲ್ಲಿ ತೀರಾ ಹೊಸದು. ಆಮೇಲೆ ಮೈಸೂರಿನ ರಘು ದೀಕ್ಷಿತ್ ಬಂದರು. ಲುಂಗಿ, ಕಾಲಿಗೆ ಗೆಜ್ಜೆ, ಹೆಗಲಿಗೆ ಗಿಟಾರ್. 2008ರ ಮೊದಲ ಆಲ್ಬಮ್‌ನಲ್ಲೇ ಶರೀಫರ 'ಗುಡುಗುಡಿಯ ಸೇದಿ ನೋಡೋ' ಮತ್ತು 'ಸೋರುತಿಹುದು ಮನೆಯ ಮಾಳಿಗಿ'. 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿದರು.

ನನ್ನನ್ನು ಕೇಳಿದರೆ, 'ಗುಡುಗುಡಿ'ಗೆ ರಘು ಕೊಟ್ಟ ಕುಣಿತ ಅದಕ್ಕಾಗಿಯೇ ಕಾದಿತ್ತೇನೋ ಅನ್ನಿಸುತ್ತದೆ. 'ಸೋರುತಿಹುದು' ಮಾತ್ರ ಅಶ್ವಥ್ ದನಿಯಲ್ಲೇ ಎದೆಗಿಳಿಯುತ್ತದೆ. ನೀವು ಒಪ್ಪಬೇಕಾಗಿಲ್ಲ, ಎರಡನ್ನೂ ಒಂದರ ಹಿಂದೊಂದು ಕೇಳಿ. ಸೋರುವುದು ಅಂದರೆ ಲೀಕ್ ಆಗುವುದು, ಮನೆ ಅಂದರೆ ಬರೀ ಮನೆಯಲ್ಲ. ಮಾಳಿಗಿ ಅಂದರೇನು ಅಂತ ಅಮ್ಮನನ್ನೇ ಕೇಳಿ. ಮೈಸೂರು ಕಡೆಯವರಾದರೆ ಮಹಡಿ ಅಂದಾರು. ಮಣ್ಣಿನ ಮಾಳಿಗೆಯ ಕೆಳಗೆ ಮಲಗಿ ಬೆಳೆದ ಧಾರವಾಡದ ಕಡೆಯವರಾದರೆ, ಮಳೆಗಾಲದಲ್ಲಿ ಎಲ್ಲೆಲ್ಲಿ ಪಾತ್ರೆ ಇಡುತ್ತಿದ್ದರು ಅನ್ನುವುದನ್ನೂ ಹೇಳುತ್ತಾರೆ.