ಪರಮಾಣು ಚಳಿಗಾಲ ಮತ್ತು ಭೂಮಿಯ ಕೃತಕ ತಂಪುಗೊಳಿಸುವಿಕೆ

ಪರಮಾಣು ಚಳಿಗಾಲ ಎಂಬುದು ಅಣ್ವಸ್ತ್ರ ಯುದ್ಧದಲ್ಲಿ ನಗರಗಳು ಹೊತ್ತಿ ಉರಿದು, ಅವುಗಳ ಮಸಿ ಸಮೋಷ್ಣ ಮಂಡಲವನ್ನು ಸೇರಿ ಬಿಸಿಲನ್ನು ತಡೆಯುವುದರಿಂದ ಭೂಮಿಯ ಮೇಲ್ಮೈ ತಣ್ಣಗಾಗಬಹುದೆಂಬ ವೈಜ್ಞಾನಿಕ ಸಿದ್ಧಾಂತ. ಸೌರ ವಿಕಿರಣ ನಿರ್ವಹಣೆ ಎಂಬುದು ಅದೇ ಎತ್ತರದಲ್ಲಿ ಗಂಧಕದ ಸೂಕ್ಷ್ಮಕಣಗಳನ್ನು ಹರಡಿ, ಬಿಸಿಯಾಗುತ್ತಿರುವ ಭೂಮಿಯನ್ನು ಉದ್ದೇಶಪೂರ್ವಕವಾಗಿ ತಂಪುಗೊಳಿಸುವ ಪ್ರಸ್ತಾಪ. ಮಸಿಯು ಬಿಸಿಲನ್ನು ಹೀರಿಕೊಳ್ಳುತ್ತದೆ, ಗಂಧಕದ ಕಣಗಳು ಅದನ್ನು ಪ್ರತಿಫಲಿಸುತ್ತವೆ. ಎರಡರಲ್ಲಿಯೂ ನೆಲವನ್ನು ತಲುಪುವ ಬಿಸಿಲು ಕಡಿಮೆಯಾಗುತ್ತದೆ.

ಪರಿಕಲ್ಪನೆಯ ಹಿನ್ನೆಲೆ

1982ರಲ್ಲಿ ಪೌಲ್ ಕ್ರುಟ್ಸೆನ್ ಮತ್ತು ಜಾನ್ ಬರ್ಕ್ಸ್, ಅಣು ಯುದ್ಧದ ಬೆಂಕಿಯ ಹೊಗೆ ಹಗಲನ್ನೇ ಮಬ್ಬಾಗಿಸಬಹುದೆಂದು ತೋರಿಸಿದರು. ಮರುವರ್ಷ ರಿಚರ್ಡ್ ಟರ್ಕೋ, ಕಾರ್ಲ್ ಸಾಗನ್ ಮತ್ತು ಸಂಗಡಿಗರ ಲೇಖನ ಪ್ರಕಟವಾಯಿತು. 'ಪರಮಾಣು ಚಳಿಗಾಲ' ಎಂಬ ಹೆಸರು ಟರ್ಕೋ ಅವರದು. 2006ರಲ್ಲಿ ಗಂಧಕದ ಕಣಗಳ ಪ್ರಯೋಗವನ್ನು ಗಂಭೀರವಾಗಿ ಅಧ್ಯಯನ ಮಾಡಬೇಕೆಂದು ಬರೆದವರೂ ಇದೇ ಕ್ರುಟ್ಸೆನ್. ಅದಕ್ಕೆ ನಿಸರ್ಗದಲ್ಲಿ ನಿದರ್ಶನವಿತ್ತು: 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಚಿಮ್ಮಿಸಿದ ಗಂಧಕದಿಂದ ಭೂಮಿಯ ಸರಾಸರಿ ಉಷ್ಣತೆ ಸುಮಾರು 0.5 ಡಿಗ್ರಿ ಸೆಲ್ಸಿಯಸ್ ಇಳಿದಿತ್ತು.

ಭಾರತ ಉಪಖಂಡದ ಅಧ್ಯಯನಗಳು

2007ರಲ್ಲಿ ಅಲನ್ ರೋಬಾಕ್ ಮತ್ತು ಸಂಗಡಿಗರು, ಭಾರತ ಮತ್ತು ಪಾಕಿಸ್ತಾನಗಳ ನಡುವೆ ಹಿರೋಶಿಮಾ ಗಾತ್ರದ 100 ಬಾಂಬುಗಳ ಯುದ್ಧ ನಡೆದರೆ ಏನಾದೀತೆಂದು ಗಣಕ ಮಾದರಿಯಲ್ಲಿ ಪರೀಕ್ಷಿಸಿದರು. 50 ಲಕ್ಷ ಟನ್ ಮಸಿ ಮೇಲೇರಿ, ಜಾಗತಿಕ ಸರಾಸರಿ ಉಷ್ಣತೆ ಸುಮಾರು 1.25 ಡಿಗ್ರಿ ಇಳಿಯಬಹುದೆಂದೂ ಮಳೆ ಸುಮಾರು ಶೇ. 10ರಷ್ಟು ಕುಗ್ಗಬಹುದೆಂದೂ ಫಲಿತಾಂಶ ಬಂದಿತು. ಆ ಎತ್ತರದಲ್ಲಿ ಮಸಿಯನ್ನು ತೊಳೆಯಲು ಮಳೆಯಿಲ್ಲದ ಕಾರಣ ಅದು ವರ್ಷಗಟ್ಟಲೆ ಉಳಿಯುತ್ತದೆ. ಓಝೋನ್ ಪದರವೂ ಹಾಳಾಗುತ್ತದೆ. ಇಂತಹ ಯುದ್ಧ ಇನ್ನೂ ದೊಡ್ಡದಾದರೆ ವಿಶ್ವದಾದ್ಯಂತ 200 ಕೋಟಿಗೂ ಹೆಚ್ಚು ಜನ ಹಸಿವಿನಿಂದ ಸಾಯಬಹುದೆಂದು 2022ರ ಅಧ್ಯಯನವೊಂದು ಅಂದಾಜಿಸಿದೆ. ಅವರಲ್ಲಿ ಹೆಚ್ಚಿನವರು ಯುದ್ಧದಲ್ಲಿ ಭಾಗಿಯಾಗದ ದೇಶಗಳವರಾಗಿರುತ್ತಾರೆ.

ಈ ಅಂದಾಜುಗಳನ್ನು ಎಲ್ಲರೂ ಒಪ್ಪಿಲ್ಲ. 1991ರ ಕುವೈತ್ ತೈಲಬಾವಿಗಳ ಬೆಂಕಿ ಏಷ್ಯಾದ ಕೃಷಿಗೆ ಹೊಡೆತ ನೀಡೀತೆಂದು ಸಾಗನ್ ಎಚ್ಚರಿಸಿದ್ದು ಸುಳ್ಳಾಯಿತು. ಹೊಗೆ ಅಷ್ಟು ಎತ್ತರಕ್ಕೆ ಏರಲೇ ಇಲ್ಲ. 2018ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದವರು ಮಸಿಯ ಬಹುಪಾಲು ಸಮೋಷ್ಣ ಮಂಡಲವನ್ನು ಮುಟ್ಟದೆಂದು ವಾದಿಸಿದರು.

ಬೆಂಗಳೂರಿನ ಸಂಶೋಧನೆ

ಸೌರ ವಿಕಿರಣ ನಿರ್ವಹಣೆಯ ಆರಂಭದ ಗಣಕ ಅಧ್ಯಯನಗಳಲ್ಲಿ ಒಂದನ್ನು 2000ದಲ್ಲಿ ಗೋವಿಂದಸಾಮಿ ಬಾಲ ಮತ್ತು ಕೆನ್ ಕಾಲ್ಡೇರಾ ಪ್ರಕಟಿಸಿದರು. ಇಬ್ಬರೂ ಆಗ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿದ್ದರು. ಹೈಡ್ರೋಜನ್ ಬಾಂಬಿನ ಜನಕನೆನಿಸಿದ ಎಡ್ವರ್ಡ್ ಟೆಲ್ಲರ್ ಮತ್ತು ಲೋವೆಲ್ ವುಡ್ ಭೂಮಿಯನ್ನು ತಂಪುಗೊಳಿಸುವ ಯೋಜನೆಯನ್ನು ಮುಂದಿಟ್ಟಿದ್ದೂ ಅದೇ ಸಂಸ್ಥೆಯಿಂದ. ಆ ಯೋಜನೆ ಕೆಲಸ ಮಾಡದೆಂದು ತೋರಿಸುವುದೇ ಅಧ್ಯಯನದ ಉದ್ದೇಶವಾಗಿತ್ತು. ಆದರೆ ಬಿಸಿಲನ್ನು ಶೇ. 1.8ರಷ್ಟು ತಗ್ಗಿಸಿದರೆ, ದ್ವಿಗುಣಗೊಂಡ ಇಂಗಾಲದ ಡೈಆಕ್ಸೈಡ್‌ನಿಂದಾಗುವ ಬಿಸಿ ಬಹುಮಟ್ಟಿಗೆ ಸರಿದೂಗುವುದೆಂದು ಮಾದರಿ ತೋರಿಸಿತು.

ಬಾಲ ಅವರು ಅನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. 2008ರ ಲೇಖನದಲ್ಲಿ ಅವರೂ ಸಹಲೇಖಕರೂ ಈ ಉಪಾಯದ ದೊಡ್ಡ ಕೊರತೆಯನ್ನು ವಿವರಿಸಿದರು: ಉಷ್ಣತೆ ಮೊದಲಿನ ಮಟ್ಟಕ್ಕೆ ಮರಳಿದರೂ ಮಳೆ ಮರಳುವುದಿಲ್ಲ, ಕಡಿಮೆಯಾಗುತ್ತದೆ. ಉತ್ತರ ಧ್ರುವ ಪ್ರದೇಶವನ್ನಷ್ಟೇ ತಂಪುಗೊಳಿಸಿದರೆ ಉಷ್ಣವಲಯದ ಮಳೆಪಟ್ಟಿ ದಕ್ಷಿಣಕ್ಕೆ ಸರಿದು ಭಾರತದ ಮುಂಗಾರು ದುರ್ಬಲವಾಗುತ್ತದೆಂದು ಸಂಸ್ಥೆಯ 2018ರ ಅಧ್ಯಯನ ತಿಳಿಸುತ್ತದೆ.

ಮಳೆಯಾಶ್ರಿತ ಪ್ರದೇಶಗಳು

ಈ ಪ್ರಶ್ನೆ ಬೀದರ್ ಜಿಲ್ಲೆಯಂತಹ ಒಣಭೂಮಿಗೆ ನೇರವಾಗಿ ಸಂಬಂಧಿಸಿದೆ. ಚಿಟಗುಪ್ಪ, ಹುಮನಾಬಾದ್, ಬಸವಕಲ್ಯಾಣ ತಾಲೂಕುಗಳಲ್ಲಿ ತೊಗರಿ, ಹೆಸರು, ಉದ್ದು, ಸೋಯಾಬೀನ್ ಬೆಳೆಗಳು ಮುಖ್ಯವಾಗಿ ನೈಋತ್ಯ ಮುಂಗಾರನ್ನು ಅವಲಂಬಿಸಿವೆ. ಅಲ್ಪಾವಧಿಯ ಹೆಸರು, ಉದ್ದುಗಳಿಗೆ ಬಿತ್ತನೆಯ ಕಾಲದ ಮಳೆ ಕೆಲವು ವಾರ ತಡವಾದರೂ ಹಂಗಾಮು ಕೈತಪ್ಪುತ್ತದೆ. ಜಾಗತಿಕ ಸರಾಸರಿಯ ಅಂಕಿಗಳಲ್ಲಿ ಇಂತಹ ನಷ್ಟ ಕಾಣಿಸದು.

ಇತರ ಆಕ್ಷೇಪಗಳು

ಸೂಕ್ಷ್ಮಕಣಗಳು ಒಂದೆರಡು ವರ್ಷಗಳಲ್ಲಿ ಕೆಳಗಿಳಿಯುವುದರಿಂದ ಸಿಂಪಡಣೆ ನಿರಂತರವಾಗಿ ನಡೆಯಬೇಕು. ಯುದ್ಧದಿಂದಲೋ ಆರ್ಥಿಕ ಕುಸಿತದಿಂದಲೋ ಅದು ಹಠಾತ್ತನೆ ನಿಂತರೆ, ಅಡಗಿದ್ದ ಬಿಸಿ ಕೆಲವೇ ವರ್ಷಗಳಲ್ಲಿ ಮರುಕಳಿಸುತ್ತದೆ. ಸಾಗರದ ಆಮ್ಲೀಕರಣವನ್ನು ಈ ವಿಧಾನ ತಡೆಯುವುದಿಲ್ಲ.