ಜಠರದ ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ಪಿತ್ತಕೋಶ

ವಿಯೆನ್ನಾದ ಶಸ್ತ್ರವೈದ್ಯ ಥಿಯೋಡರ್ ಬಿಲ್ರೋತ್ 1881ರ ಜನವರಿ 29ರಂದು, ಕ್ಯಾನ್ಸರ್ ತಗುಲಿದ್ದ ಜಠರದ ಕೆಳಭಾಗವನ್ನು ತೆಗೆದು, ಉಳಿದುದನ್ನು ಸಣ್ಣ ಕರುಳಿನ ಮೊದಲ ಭಾಗವಾದ ಡುವೋಡಿನಮ್‌ಗೆ ಹೊಲಿದು ಸೇರಿಸಿದನು. ಇಂಥ ಚಿಕಿತ್ಸೆಯಿಂದ ರೋಗಿಯೊಬ್ಬರು ಚೇತರಿಸಿಕೊಂಡದ್ದು ಅದೇ ಮೊದಲು. 1885ರಲ್ಲಿ ಅವನು ರೂಪಿಸಿದ ಎರಡನೆಯ ವಿಧಾನದಲ್ಲಿ ಡುವೋಡಿನಮ್‌ನ ಬಾಯಿ ಮುಚ್ಚಿ, ಜಠರವನ್ನು ಅದರಿಂದಾಚೆಯ ಕರುಳಿಗೆ ಜೋಡಿಸಿದ್ದರಿಂದ, ಆಹಾರವು ತನ್ನ ಸಹಜ ಹಾದಿಯನ್ನೇ ಬಿಟ್ಟು ಸಾಗತೊಡಗಿತು.

ಆ ಹಾದಿಯ ಮಹತ್ವ ಸ್ಪಷ್ಟವಾದದ್ದು 1928ರಲ್ಲಿ, ಅಮೆರಿಕದ ಐವಿ ಮತ್ತು ಓಲ್ಡ್‌ಬರ್ಗ್ ಕೊಲಿಸಿಸ್ಟೋಕೈನಿನ್ ಎಂಬ ಹಾರ್ಮೋನನ್ನು ಗುರುತಿಸಿದಾಗ. ಕೊಬ್ಬಿನಂಶವುಳ್ಳ ಆಹಾರ ಡುವೋಡಿನಮ್ ತಲುಪಿದೊಡನೆ ಅದರ ಒಳಪೊರೆ ಈ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಆಗ, ಯಕೃತ್ತು ಸ್ರವಿಸಿದ ಪಿತ್ತರಸವನ್ನು ಕೂಡಿಟ್ಟುಕೊಂಡಿರುವ ಪಿತ್ತಕೋಶವು ಸಂಕುಚಿಸಿ ಅದನ್ನು ಕರುಳಿಗೆ ಹರಿಸುತ್ತದೆ. ಆಹಾರದ ಹಾದಿ ಬದಲಾದರೆ ಈ ಸೂಚನೆಯ ಕ್ರಮವೂ ಬದಲಾಗುವುದು ಸಹಜ.

ಜಠರಕ್ಕೂ ಪಿತ್ತಕೋಶಕ್ಕೂ ಇರುವ ಎರಡನೆಯ ನಂಟು ನರದ್ದು. 1943ರಲ್ಲಿ ಷಿಕಾಗೋದ ಲೆಸ್ಟರ್ ಡ್ರಾಗ್‌ಸ್ಟೆಟ್, ಜಠರದ ಆಮ್ಲಸ್ರಾವವನ್ನು ಪ್ರಚೋದಿಸುವ ವೇಗಸ್ ನರವನ್ನು ಕತ್ತರಿಸಿ ಹುಣ್ಣನ್ನು ಗುಣಪಡಿಸುವ ಕ್ರಮವನ್ನು ಬಳಕೆಗೆ ತಂದನು. ಆದರೆ ಅದೇ ನರದ ಕವಲು ಪಿತ್ತಕೋಶಕ್ಕೂ ಹೋಗುವುದರಿಂದ, ನರಕಾಂಡವನ್ನೇ ಕತ್ತರಿಸಿದವರಲ್ಲಿ ಪಿತ್ತಕೋಶ ಸಡಿಲಗೊಂಡು ಹಿಗ್ಗುವುದೂ, ಅದರೊಳಗೆ ನಿಂತ ಪಿತ್ತರಸದಲ್ಲಿ ಕಲ್ಲುಗಳು ಮೂಡುವುದೂ ಕಂಡುಬಂದಿತು. ಇತರ ಅಂಗಗಳ ಕವಲುಗಳನ್ನು ಉಳಿಸಿ, ಆಮ್ಲ ಸ್ರವಿಸುವ ಭಾಗದ ಎಳೆಗಳನ್ನಷ್ಟೇ ಕತ್ತರಿಸುವ ಸೂಕ್ಷ್ಮ ವಿಧಾನ 1970ರ ಹೊತ್ತಿಗೆ ಇಂಗ್ಲೆಂಡಿನ ಲೀಡ್ಸ್ ಮತ್ತು ಡೆನ್ಮಾರ್ಕಿನ ಕೋಪನ್‌ಹೇಗನ್‌ಗಳಲ್ಲಿ ಬೆಳೆಯಿತು.

1976ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂದ ಆಮ್ಲಸ್ರಾವ ತಗ್ಗಿಸುವ ಸಿಮೆಟಿಡೀನ್ ಮಾತ್ರೆಯೂ, ಮುಂದೆ ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಬ್ಯಾಕ್ಟೀರಿಯಾದ ಶೋಧವೂ ಹುಣ್ಣಿನ ಶಸ್ತ್ರಚಿಕಿತ್ಸೆಯನ್ನು ವಿರಳಗೊಳಿಸಿದವಾದರೂ ಪಿತ್ತಕೋಶದ ಪ್ರಶ್ನೆ ಮುಗಿಯಲಿಲ್ಲ. ಜಠರದ ಕ್ಯಾನ್ಸರಿನಲ್ಲಿ ಸುತ್ತಲಿನ ದುಗ್ಧಗ್ರಂಥಿಗಳನ್ನು ತೆಗೆಯುವಾಗ ನರದ ಕವಲುಗಳೂ ತುಂಡಾಗಬಹುದು. ಬೊಜ್ಜು ಇಳಿಸುವ ಜಠರ ಶಸ್ತ್ರಚಿಕಿತ್ಸೆಯ ಬಳಿಕ ತೂಕ ಬೇಗನೆ ಇಳಿಯುವಾಗ ಪಿತ್ತರಸದಲ್ಲಿ ಕೊಲೆಸ್ಟರಾಲ್ ಹೆಚ್ಚಿ ಕಲ್ಲುಗಟ್ಟುತ್ತದೆ. 1995ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಔಷಧವಿಲ್ಲದ ಹುಸಿಮಾತ್ರೆ ಪಡೆದವರ ಪೈಕಿ ಶೇ. 32ರಷ್ಟು ಜನರಲ್ಲಿ ಕಲ್ಲುಗಳು ಉಂಟಾದರೆ, ಆರು ತಿಂಗಳು ದಿನಕ್ಕೆ 600 ಮಿಲಿಗ್ರಾಂ ಅರ್ಸೋಡಿಆಕ್ಸಿಕೋಲಿಕ್ ಆಮ್ಲವೆಂಬ ಔಷಧವನ್ನು ಸೇವಿಸಿದವರಲ್ಲಿ ಆ ಪ್ರಮಾಣ ಶೇ. 2ಕ್ಕೆ ಇಳಿದಿತ್ತು.

ಒಂದು ಅಂಗವನ್ನು ಕತ್ತರಿಸುವವರು ಅದರ ನೆರೆಯ ಅಂಗದ ಹೊಣೆಯನ್ನೂ ಹೊರಬೇಕೆಂಬ ಈ ಅರಿವು ರೋಗಿಗಳ ನೋವಿನಿಂದಲೇ ದೊರೆತದ್ದಾಗಿರುವುದರಿಂದ, ಜಠರದ ಚಿಕಿತ್ಸೆಯಾದವರ ಪಿತ್ತಕೋಶದ ಮೇಲೆ ನಿಗಾ ಇಡುವುದು ಇಂದಿನ ವೈದ್ಯರ ಕರ್ತವ್ಯವಾಗಿದೆ.